ಚಕ್ಕುಲಿ ಬಿಲ್ಲೆಯ ಕಂಪನಿ

ನಮ್ಮ ಮನೆಯಲ್ಲಿ ಗಂಭೀರವಾಗಿ ಶುರುವಾದ ಕೆಲಸ ಗಂಭೀರವಾಗಿಯೇ ಮುಗಿದ ಉದಾಹರಣೆ ಇಲ್ಲ. ನಮ್ಮವರ ಕಂಪನಿಯೂ ಹಾಗೇ. ಎಂಬತ್ತರ ದಶಕದ ನಡುವಿನ ಮಾತು. ಹೊಸೂರಿನಲ್ಲಿ ಕಂಪ್ಯೂಟರ್ ಎಂದರೆ ಜಾತಕ ಹೇಳುವ ಪೆಟ್ಟಿಗೆಯೇ ಎಂದು ಜನ ಕೇಳುತ್ತಿದ್ದ ಕಾಲ.

ಡಬ್ಬಿ

ಆ ದಿನ ಶಾಲೆಗೆ ರಜೆ. ನಾನು ಜಗಲಿಯಲ್ಲಿ ಕೂತು ರೇಖಾಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪಕ್ಕದಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಬೆಳಿಗ್ಗೆಯಷ್ಟೇ ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಹೋಗಿದ್ದ ನಮ್ಮವರು ಬಿಸಿಲೇರುವ ಮೊದಲೇ ಸೈಕಲ್ ತಳ್ಳಿಕೊಂಡು ವಾಪಸ್ ಬಂದರು.

"ಯಾಕ್ಲಾ, ಮೈಗೆ ಹುಷಾರಿಲ್ವಾ?" ಎಂದರು ಅತ್ತೆ.

"ಕೆಲ್ಸ ಬಿಟ್ಬುಟ್ಟೆ ಕಣಮ್ಮ. ಸ್ವಂತ ಕಂಪನಿ ಮಾಡ್ತೀನಿ."

ಅತ್ತೆ ಊಟದ ಡಬ್ಬಿ ಎತ್ತಿ ನೋಡಿದರು. ಭಾರವಾಗಿತ್ತು. "ಬಿಡೋದು ಬಿಟ್ಟೆ, ಉಂಡ್ಬುಟ್ಟು ಬಿಡಬಾರ್ದಾಗಿತ್ತಾ?"

ನಮ್ಮವರು ತಾಳ್ಮೆಯಿಂದ ವಿವರಿಸಿದರು. ನಕ್ಷೆಯನ್ನು ಕಂಪ್ಯೂಟರೇ ಬರೆಯುತ್ತದೆ. ಅದೇ ಲೆಕ್ಕ ಹಾಕಿ ಕಾಗದದ ಟೇಪಿನ ಮೇಲೆ ತೂತು ಹೊಡೆಸುತ್ತದೆ. ಆ ತೂತುಗಳನ್ನು ಓದಿಕೊಂಡು ಕಾರ್ಖಾನೆಯ ಯಂತ್ರ ತಾನೇ ಲೋಹ ಕೊರೆಯುತ್ತದೆ. ಇದನ್ನೆಲ್ಲ ಮಾಡಿಸುವ ಪ್ರೋಗ್ರಾಮ್ ಬರೆಯುವುದೇ ಕಂಪನಿಯ ಕೆಲಸ.

ಅತ್ತೆ ಎಲ್ಲ ಕೇಳಿಸಿಕೊಂಡರು. "ಎಲ್ಲಾ ಅದೇ ಮಾಡ್ಕೊಂತದೆ. ಸರಿ, ನೀನು ಇದ್ನ ಸುಲಿ," ಎಂದು ಅವರೆಕಾಯಿ ಮೊರವನ್ನು ಮಗನ ಮುಂದಕ್ಕೆ ಸರಿಸಿದರು.

ಸಿನಿಮಾ

ಮುಂದಿನ ಕೋಣೆಗೆ ಕಂಪ್ಯೂಟರ್ ಬಂತು. ಎದುರುಮನೆಯಾಕೆ ಅದನ್ನು ಟೀವಿ ಎಂದುಕೊಂಡು, ಭಾನುವಾರ ಸಂಜೆ ಹೂ ಮುಡಿದು ಬಂದು ಚಾಪೆಯ ಮೇಲೆ ಕೂತರು. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ.

ಕಪ್ಪು ಪರದೆಯ ಮೇಲೆ ಹಸಿರು ಗೆರೆಯೊಂದು ಹೊರಟಿತು. ಹಲ್ಲುಚಕ್ರದ ಚಿತ್ರ, ಒಂದೊಂದೇ ಹಲ್ಲು. ಗೆರೆ ನಿಲ್ಲುತ್ತಿತ್ತು, ಲೆಕ್ಕ ಹಾಕುತ್ತಿತ್ತು, ಮತ್ತೆ ನಿದ್ದೆಯಲ್ಲಿ ನಡೆದಂತೆ ಮುಂದಕ್ಕೆ ಹೋಗುತ್ತಿತ್ತು. ಹೊರಗೆ ಬೆಳಕು ಇಳಿಯಿತು. ನಾಲ್ವರ ಮುಖವೂ ಹಸಿರಾಯಿತು. ಯಾರೂ ದೀಪ ಹಾಕಲು ಏಳಲಿಲ್ಲ. ಕೊನೆಗೆ ಗೆರೆ ಹೊರಟ ಜಾಗಕ್ಕೇ ಬಂದು ಸೇರಿತು.

ಎದುರುಮನೆಯಾಕೆ ಸೆರಗು ಕೊಡವಿ ಎದ್ದರು. "ಚೆನ್ನಾಗೈತೆ ಟೀಚರಮ್ಮ. ಆದ್ರೆ ಮೊದಲ್ನೇ ಹಲ್ಲು ಬಂದಾಗ್ಲೇ ಕೊನೆ ಗೊತ್ತಾಗ್ಬುಡ್ತು."

ಅಚ್ಚು

ತಿಂಗಳುಗಟ್ಟಲೆ ಯಾರೂ ಆರ್ಡರ್ ಕೊಡಲಿಲ್ಲ. ಕೊನೆಗೆ ಒಬ್ಬ ವರ್ಕ್‌ಶಾಪ್ ಮಾಲೀಕರು ಮಾತಾಡಲು ಒಪ್ಪಿದರು. ತೆಳ್ಳಗಿನ ತಂತಿಯಿಂದ ಲೋಹ ಕೊರೆಯುವ ಹೊಸ ಯಂತ್ರ ಅವರಲ್ಲಿತ್ತು. ಅವರೂ ಬೇಡವೆಂದರೆ ಹಳೆಯ ಡ್ರಾಯಿಂಗ್ ಬೋರ್ಡಿಗೇ ಮರಳುತ್ತೇನೆ ಎಂದು ನಮ್ಮವರು ನನ್ನೊಬ್ಬಳ ಹತ್ತಿರ ಹೇಳಿದ್ದರು.

ಮಾಲೀಕರು ತಮಿಳು ಬೆರೆಸಿ ಕನ್ನಡ ಆಡುತ್ತಿದ್ದರು. "ಗೇರ್ ಎಲ್ಲಾ ವೇಂಡಾ ಸಾರ್. ಮನೇಲಿ ಮುರುಕ್ಕು ಅಚ್ಚು ಸವೆದೋಗಿದೆ, ಹೆಂಡ್ತಿ ದಿನಾ ತಲೆ ತಿಂತಾಳೆ. ಗೋಕುಲಾಷ್ಟಮಿ ದಿನ ಅದನ್ನ ಮಾಡಿ ತೋರ್ಸಿ. ಮಿಕ್ಕಿದ್ದು ಆಮೇಲೆ."

ಮುರುಕ್ಕು ಎಂದರೆ ನಮ್ಮ ಚಕ್ಕುಲಿ. ಅವರು ಕೇಳಿದ್ದು ಚಕ್ಕುಲಿ ಒತ್ತುವ ಒರಳಿನ ತಳಕ್ಕೆ ಇಡುವ, ನಕ್ಷತ್ರದ ತೂತಿರುವ ಬಿಲ್ಲೆ.

"ನಕ್ಷತ್ರಕ್ಕೆ ಎಷ್ಟು ಮೂಲೆ ಇಡೋಣ?" ಎಂದು ನಮ್ಮವರು ನನ್ನನ್ನು ಕೇಳಿದರು.

"ಐದು, ಆರು, ಎಂಟು ಎಲ್ಲ ಕೈವಾರದಲ್ಲೇ ಬರುತ್ತೆ. ಏಳು ಮಾತ್ರ ಕೈವಾರ, ಪಟ್ಟಿ ಇಟ್ಕೊಂಡು ಯಾರಿಂದಲೂ ಸರಿಯಾಗಿ ಬರಲ್ಲ ರೀ."

"ಹಂಗಾದ್ರೆ ಏಳು."

"ಚಕ್ಕುಲಿ ತಿನ್ನೋರು ಮೂಲೆ ಎಣಿಸ್ತಾರಾ?"

"ನೀನು ಎಣಿಸ್ತೀಯಲ್ಲ."

ತೋರಣ

ಅಷ್ಟಮಿಯ ಬೆಳಿಗ್ಗೆ ಎದ್ದು ನೋಡಿದರೆ, ರಾತ್ರಿ ತೂತು ಹೊಡೆಸಿ ಮೇಜಿನ ಮೇಲಿಟ್ಟಿದ್ದ ಬಿಲ್ಲೆಯ ಟೇಪು ಇಲ್ಲ. ಅತ್ತೆ ಅದಕ್ಕೆ ಪೊರಕೆ ಕಡ್ಡಿಯಿಂದ ಮಾವಿನೆಲೆ ಚುಚ್ಚಿ ಬಾಗಿಲಿಗೆ ತೋರಣ ಕಟ್ಟಿದ್ದರು. ಎಳೆ ಬಿಸಿಲು ಅದರ ತೂತುಗಳಲ್ಲಿ ತೂರಿ, ಹೊಸ್ತಿಲ ಮೇಲೆ ರಂಗೋಲಿಯ ಚುಕ್ಕಿಗಳಂತೆ ಅಲುಗಾಡುತ್ತಿತ್ತು. ನಾವಿಬ್ಬರೂ ಬೈಯುವುದನ್ನು ಮರೆತು ಅದನ್ನೇ ನೋಡುತ್ತ ನಿಂತೆವು.

"ತೂತು ತೂತಾಗಿತ್ತಲ್ಲಾ, ಹಳೇದು ಅನ್ಕೊಂಡೆ," ಎಂದರು ಅತ್ತೆ.

ಹೊಸ ಟೇಪು ಮಾಡೋಣವೆಂದರೆ ಮನೆಯಲ್ಲಿ ಕರೆಂಟಿಲ್ಲ. ವರ್ಕ್‌ಶಾಪಿನಲ್ಲಿ ಜನರೇಟರ್ ಇತ್ತು, ಟೇಪಿಗೆ ತೂತು ಹೊಡೆಯುವ ಪೆಟ್ಟಿಗೆ ಇರಲಿಲ್ಲ. ಟೇಪಿನ ಪ್ರತಿ ಸಾಲಿನಲ್ಲೂ ತೂತುಗಳು ಸಮಸಂಖ್ಯೆಯಲ್ಲಿರಬೇಕು, ಇಲ್ಲದಿದ್ದರೆ ಯಂತ್ರ ಓದುವುದಿಲ್ಲ. ತೋರಣ ಬಿಚ್ಚಿಕೊಂಡು ಹೋಗಿ ವರ್ಕ್‌ಶಾಪಿನಲ್ಲೇ ಕೂತೆವು. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ಸಿಲಿನಿಂದ ನಾನು ಸಾಲು ಸಾಲು ಎಣಿಸಿ, ಬೆಸ ಬಂದಲ್ಲಿ ಅತ್ತೆಯ ಕಡ್ಡಿಯ ತೂತುಗಳನ್ನು ಹುಡುಕಿ ಗುರುತು ಹಾಕಿದೆ. ನಮ್ಮವರು ಒಂದೊಂದರ ಮೇಲೂ ಕಪ್ಪು ಕಾಗದದ ಚೂರು ಅಂಟಿಸಿದರು.

"ಪರೀಕ್ಷೆ ಕಂಪ್ಯೂಟರಿಗಾ, ಟೀಚರಿಗಾ?" ಎಂದರು ಮಾಲೀಕರು.

ಯಂತ್ರ ಓದಿತು. ಕೂದಲಿನಂಥ ತಂತಿ ನೀರಿನೊಳಗೆ ಸದ್ದಿಲ್ಲದೆ ಹಿತ್ತಾಳೆ ಕೊರೆಯಿತು. ಸಂಜೆಗೆ ಮಾಲೀಕರ ಮನೆಯಲ್ಲಿ ಮುರುಕ್ಕು ಎಣ್ಣೆಗೆ ಬಿತ್ತು. ವಾರದೊಳಗೆ ನಮ್ಮ ಜಗಲಿಯಲ್ಲಿ ಗಿರಾಕಿಗಳ ಸಾಲು. ಎಲ್ಲರೂ ಹೆಂಗಸರು, ಎಲ್ಲರ ಕೈಯಲ್ಲೂ ಚಕ್ಕುಲಿ ಒರಳು. ಮೊದಲಿಗರು ಎದುರುಮನೆಯಾಕೆ. ಆರ್ಡರ್ ತೆಗೆದುಕೊಳ್ಳುತ್ತಿದ್ದವರು ಅತ್ತೆ.

"ಮೋಟಾರಿನ ಭಾಗ ಮಾಡೋ ಕಂಪನಿ ಕಣಮ್ಮ ಇದು," ಎಂದರು ನಮ್ಮವರು.

"ಯಾರ್ಲಾ ಬೇಡ ಅಂದಿದ್ದು? ದೀಪಾವಳಿ ಮುಗ್ಯಗಂಟ ಸುಮ್ಕಿರು."

ದೀಪಾವಳಿ ಮುಗಿದ ಮೇಲೆ ಮೋಟಾರಿನ ಭಾಗಗಳೂ ಬಂದವು, ಅದೇ ಮಾಲೀಕರಿಂದ. ಕೋಣೆ ಸಾಲದೆ ಕಂಪನಿ ಬೇರೆ ಕಟ್ಟಡಕ್ಕೆ ಹೋಯಿತು. ಟೇಪು ಹೋಗಿ ಫ್ಲಾಪಿ ಬಂತು. ಅತ್ತೆ ಹೋದರು.

ನಮ್ಮವರು ತೀರಿಕೊಂಡು ವರ್ಷ ತುಂಬಿಲ್ಲವಾದ್ದರಿಂದ ಈ ಸಲ ನಮ್ಮಲ್ಲಿ ಹಬ್ಬವಿಲ್ಲ, ಬಾಣಲೆ ಇಡುವಂತಿಲ್ಲ. ಅಷ್ಟಮಿಯ ಸಂಜೆ ಎದುರುಮನೆಯಾಕೆ ಒಂದು ತಟ್ಟೆ ಚಕ್ಕುಲಿ ತಂದು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಕೂತಿದ್ದು ಹೋದರು. ಒಂದನ್ನು ಮುರಿದೆ.

ಮುರಿದ ತುದಿಯಲ್ಲಿ ಏಳು ಮೂಲೆಗಳಿದ್ದವು.