‘ಎ’ ಸೆಕ್ಷನ್ನಿನ ಮೂವತ್ತನೇ ಸೀಟು

ಮಕ್ಕಳು ಪರೀಕ್ಷೆ ಬರೆದು ಆಟಕ್ಕೆ ಹೋಗಿಬಿಡುತ್ತಾರೆ, ಅದರ ಜಗಳ ಆಡುವವರು ಅಪ್ಪ ಅಮ್ಮಂದಿರು. ಪ್ರತಿ ಜೂನ್‌ನಲ್ಲೂ ಇದ್ದದ್ದೇ. ತೊಂಬತ್ತರ ದಶಕದಲ್ಲಿ ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಎಂಟನೇ ಕ್ಲಾಸಿಗೆ ಜಾಣಮಕ್ಕಳದ್ದೇ ಒಂದು ‘ಎ’ ಸೆಕ್ಷನ್ ಹೊಸದಾಗಿ ಶುರುವಾಗಿತ್ತು. ಪರೀಕ್ಷೆ ಇಟ್ಟು ಮೂವತ್ತು ಮಕ್ಕಳನ್ನು ಆರಿಸಿದೆ. ಮೂವತ್ತನೆಯವಳು ಜಾವಗಲ್ ಕಡೆಯ ಹುಡುಗಿ, ಅಪ್ಪ ತೆಂಗಿನಕಾಯಿ ಸುಲಿಯುವವನು. ಮೂವತ್ತೊಂದನೆಯವನು ಕೊಬ್ಬರಿ ಮಂಡಿ ಸಾಹುಕಾರರ ಮಗ. ಜಗಳಕ್ಕೆ ಇಷ್ಟು ಸಾಕಲ್ಲ!

೧. ಮೂರು ಗಿಟುಕು

ಮಾರನೇ ಬೆಳಿಗ್ಗೆಯೇ ಸಾಹುಕಾರರು ಸ್ಟಾಫ್ ರೂಮಿಗೆ ಬಂದರು. “ಒಂದು ಗಂಟೆ ಪರೀಕ್ಷೇಲಿ ಮಗೀನ ಬುದ್ಧಿ ಹೆಂಗ್ರೀ ಅಳೀತೀರ? ಇದು ಅನ್ಯಾಯ ಕಣ್ರೀ ಟೀಚರಮ್ಮ.”

“ನೀವು ಒಂದು ಚೀಲ ಕೊಬ್ಬರೀನ ಹೇಗೆ ಅಳೀತೀರಿ?”

“ಮೂರು ಗಿಟುಕು ಒಡೆದು ನೋಡ್ತೀವಿ.”

“ನಾನು ಇಪ್ಪತ್ತು ಪ್ರಶ್ನೆ ಕೇಳಿದ್ದೀನಲ್ಲ?”

ಸಾಹುಕಾರರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಅಂದರು: “ಅದು ಬೇರೆ ಟೀಚರಮ್ಮ. ಚೀಲ ನನ್ನ ಮಗ ಅಲ್ವಲ್ಲ!”

೨. ಪಕ್ಕದ ಬೆಂಚು

ಆಮೇಲೆ ಒಂದು ಅರ್ಜಿ ಹಿಡಿದು ರೈಲ್ವೆ ಗಾರ್ಡ್ ಒಬ್ಬರ ಹೆಂಡತಿ ಬಂದರು. ಆ ಹುಡುಗಿಗೆ ಟ್ಯೂಶನ್ನೇ ಇಲ್ಲ, ಆದ್ದರಿಂದ ಕಾಪಿ ಹೊಡೆದಿದ್ದಾಳೆ, ಹೆಸರು ತೆಗೆಯಬೇಕು ಅಂತ ಅದರಲ್ಲಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

“ಅವಳ ಪಕ್ಕ ಕೂತಿದ್ದವನು ನಿಮ್ಮ ಮಗ. ಅವನಿಗೆ ಬಂದಿದ್ದು ನಾಲ್ಕು ಮಾರ್ಕ್ಸ್. ಅವನನ್ನು ನೋಡಿ ಬರೆದಿದ್ರೆ ಅವಳು ಉದ್ಧಾರ ಆಗ್ತಿದ್ಲಾ?”

ಹೆಡ್‌ಮಾಸ್ಟರು ಹೆದರಿ, ಪೋಷಕರ ಸಭೆ ಕರೆದು, ಅದು ಮುಗಿಯುವ ತನಕ ಪಟ್ಟಿಗೆ ಸಹಿ ಹಾಕುವುದಿಲ್ಲ ಅಂದುಬಿಟ್ಟರು. ಸುದ್ದಿ ಕೇಳಿ ಹುಡುಗಿಯ ಅಪ್ಪ ಓಡಿಬಂದ. “ಮಗೀನ ‘ಬಿ’ಗೇ ಹಾಕ್ಬುಡಿ ಮೇಡಮ್. ದೊಡ್ಡೋರ್ ಕೂಟೆ ಜಗಳ ನಮ್ಗ್ಯಾಕೆ?”

“ಸೀಟು ಗೆದ್ದವಳು ಅವಳು. ಬಿಟ್ಟುಕೊಡೋಕೆ ನೀವ್ಯಾರು?” ಅಂತ ಅವನ ಮೇಲೂ ರೇಗಿದೆ.

೩. ಟವೆಲಿನ ಕೆಳಗೆ

ಸಭೆಯಲ್ಲಿ ಸಾಹುಕಾರರೇ ಮುಂದಾಳು. “ಈ ಪ್ರಶ್ನೆಪತ್ರಿಕೆ ಯಾರ ಕೈಲೂ ಬಿಡಿಸಕ್ಕಾಗಲ್ಲ. ಆ ಹುಡುಗಿ ಬಿಡಿಸಿದ್ಲು ಅಂದ್ರೆ ಏನೋ ಮೋಸ ಐತೆ!”

“ಹಾಗಾದ್ರೆ ನೀವೇ ಬಿಡಿಸಿ ನೋಡಿ,” ಅಂತ ಅದೇ ಪತ್ರಿಕೆಯನ್ನು ಎಲ್ಲರಿಗೂ ಹಂಚಿಬಿಟ್ಟೆ.

ಐದು ನಿಮಿಷ ಎಲ್ಲರೂ ಹಾಳೆಯ ಮೇಲೆ ಬಗ್ಗಿದರು. ಆಮೇಲೆ ಗಾರ್ಡ್ ಹೆಂಡತಿಯ ಕತ್ತು ಮೆಲ್ಲಗೆ ಪಕ್ಕಕ್ಕೆ ಹೊರಳಿತು. ಸಾಹುಕಾರರು ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹೊದಿಸಿ, ಅದರಡಿಯಲ್ಲಿ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಮಂಡಿ ಮಾಲೀಕರ ಬೆರಳು ಹಿಡಿದಿದ್ದರು. ನಾಲ್ಕು ಜನರಿಗೆ ರೇಟು ತಿಳಿಯಬಾರದು ಅಂದರೆ ವ್ಯಾಪಾರಸ್ಥರು ಬೆರಳಲ್ಲೇ ಮಾತಾಡುವುದು ಹೀಗೆ. ನಾನು ಹೋಗಿ ಟವೆಲ್ ಎತ್ತಿದೆ.

“ಏನು ನಡೀತಿದೆ ಇಲ್ಲಿ?”

ಸಾಹುಕಾರರು ಸರಕ್ಕನೆ ಕೈ ಎಳೆದುಕೊಂಡರು. ಪಕ್ಕದವರ ಹಾಳೆ ನೋಡಿದೆ. ಯಾರ ಕೈಲೂ ಆಗದ ಲೆಕ್ಕಗಳನ್ನು ಆ ಪುಣ್ಯಾತ್ಮರು ಒಂದೂ ಬಿಡದೆ ಬಿಡಿಸಿದ್ದರು! ಹಾಳೆಯನ್ನು ಹೆಡ್‌ಮಾಸ್ಟರ ಮುಂದಿಟ್ಟೆ. ಅವರು ತಲೆ ಎತ್ತದೆ ಪಟ್ಟಿಗೆ ಸಹಿ ಹಾಕಿದರು, ಮೂವತ್ತನೇ ಹೆಸರು ಹಾಗೇ ಉಳಿಯಿತು.

ಪಕ್ಕದವರಿಗೆ ಮಾತ್ರ ಸಮಾಧಾನ ಇರಲಿಲ್ಲ. “ನೀವೇ ನ್ಯಾಯ ಹೇಳಿ ಮೇಡಮ್. ಏಳನೇ ಲೆಕ್ಕದ ಉತ್ತರ ಹನ್ನೆರಡು ಅಂತ ನಾನು ಬೆರಳು ಒತ್ತಿದ್ರೆ, ಈ ಸಾಹುಕಾರ್ರು ಹತ್ತಕ್ಕೆ ಕೊಡು ಅಂತ ಚೌಕಾಸಿ ಮಾಡ್ತಾವ್ರೆ!”