ನೀರಿನ ಮೇಲೆ ಮಿಲೂದ್

"ಈ ಸಲ ಟೀ ಮಾಡಲ್ಲ! ತಜೀನ್ ಬೇಯಿಸಲ್ಲ! ಯಾರ ಹಲಗೆಗೂ ಹಗ್ಗ ಕಟ್ಟಲ್ಲ! ನಾನು ಹೋಗ್ತಿರೋದು ಗಾಳಿ ಸವಾರಿಗೆ, ಅಡುಗೆ ಚಾಕರಿಗಲ್ಲ!"

ಕಾಸಾಬ್ಲಾಂಕಾದ ತನ್ನ ಮನೆಯ ತಾರಸಿಯಲ್ಲಿ ನಿಂತು ಮಿಲೂದ್ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡದ್ದು ಹೆಂಡತಿ ರಕಿಯಾ ಮತ್ತು ತಂತಿಯ ಮೇಲೆ ಒಣಗುತ್ತಿದ್ದ ಎರಡು ದುಪ್ಪಟಿ. ದುಪ್ಪಟಿಗಳಾದರೂ ಒಮ್ಮೆ ಅಲುಗಾಡಿದವು. ರಕಿಯಾ ಪುದೀನಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

ಪ್ರತಿಜ್ಞೆಗೆ ಕಾರಣವಿತ್ತು. ಮಗಳು ನಿಸ್ರೀನ್‌ಗೆ ಗಂಡು ಗೊತ್ತಾಗಿತ್ತು. ಶುಕ್ರವಾರ ಬೀಗರು ಕುಸ್ಕುಸ್ ಊಟಕ್ಕೆ ಬರುವವರಿದ್ದರು. ಗಂಡಿನ ತಂದೆ ಹಾಜ್ ಬೂಶಾಯಿಬ್ ಅಂದರೆ ಸಾಮಾನ್ಯರಲ್ಲ, ಮೂವತ್ತು ವರ್ಷ ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರಿಸಿದವರು. ಅಂಥವರ ಮುಂದೆ ನಿಸ್ರೀನ್, "ನಮ್ಮಪ್ಪ ಇಪ್ಪತ್ತೆರಡು ವರ್ಷದಿಂದ ಎಸ್ಸಾವಿರಾ ಕಡಲಲ್ಲಿ ವಿಂಡ್‌ಸರ್ಫಿಂಗ್ ಮಾಡ್ತಾರೆ, ಹಾಯಿ ಕಟ್ಟಿದ ಹಲಗೆ ಮೇಲೆ ನಿಂತ್ರೆ ಅಲ್ಲಿನ ಗಾಳಿಗೇ ಜಗ್ಗಲ್ಲ" ಅಂದುಬಿಟ್ಟಿದ್ದಳು. ಹಾಜ್‌ಗೆ ಖುಷಿಯೋ ಖುಷಿ. "ಹಾಗಾದ್ರೆ ಶುಕ್ರವಾರ ಒಂದು ಫೋಟೋ ನೋಡೋಣಮ್ಮ" ಅಂದರು.

ಎಡವಟ್ಟಾದದ್ದೇ ಇಲ್ಲಿ. ಮನೆಯಲ್ಲಿ ಎಸ್ಸಾವಿರಾ ಪ್ರವಾಸದ ಫೋಟೋ ಮುನ್ನೂರು ಇದ್ದವು. ಸ್ನೇಹಿತ ಥಾಮಿ ಅಲೆಯ ಮೇಲೆ ಹಾರುತ್ತಿರುವುದು, ಇನ್ನೊಬ್ಬ ಸ್ನೇಹಿತ ಲಾರ್ಬಿ ಅಲೆಯೊಳಗಿಂದ ಎದ್ದು ಬರುತ್ತಿರುವುದು, ಇಬ್ಬರೂ ಹಲಗೆ ತಬ್ಬಿಕೊಂಡು ನಗುತ್ತಿರುವುದು. ಮಿಲೂದ್ ಮಾತ್ರ ಒಂದರಲ್ಲೂ ಇಲ್ಲ!

"ತೆಗೆದವನು ನಾನಲ್ವಾ? ನಾನೆಲ್ಲಿಂದ ಬರ್ಲಿ ಅದ್ರೊಳಗೆ?" ಎಂದ ಮಿಲೂದ್.

"ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನಾನೂ ಆ ಇಬ್ರಲ್ಲಿ ಒಬ್ಬರ ಕೈ ಬಿಡುವಾಗಲಿಲ್ವಾ?" ಎಂದಳು ರಕಿಯಾ.

"ಅವರ ಕೈ ಬಿಡುವಾಗೇ ಇರತ್ತೆ. ನನ್ನ ಕೈ ಬಿಡುವಿರಲ್ಲ! ವ್ಯಾನ್ ಓಡಿಸೋನು ನಾನು. ಹಲಗೆ ಕಟ್ಟೋನು ನಾನು, ಟೀ ನಾನು, ತಜೀನ್ ನಾನು. 'ಮಾಲೆಮ್, ಮಾಲೆಮ್' ಅಂತ ಬೆಣ್ಣೆ ಹಚ್ಚಿ ಹಚ್ಚಿ ನನ್ನ ಬೆನ್ನು ಮುರಿದ್ರು!"

ಮಾಲೆಮ್ ಅಂದರೆ ಕೈಕಸುಬಿನಲ್ಲಿ ಪಳಗಿದ ಉಸ್ತಾದ. ಮೊರಾಕ್ಕೋದಲ್ಲಿ ಯಾರಾದರೂ ನಿಮ್ಮನ್ನು ಮಾಲೆಮ್ ಅಂದರೆ ನಿಮಗೊಂದು ಕೆಲಸ ಕಾದಿದೆ ಅಂತಲೇ ಅರ್ಥ. ಮಿಲೂದ್ ಇಪ್ಪತ್ತೆರಡು ವರ್ಷ ಈ ಬಿರುದನ್ನು ಹೊತ್ತು ಹೊತ್ತು ಹೊಟ್ಟೆಯೊಳಗೆ ಕಹಿ ಕೂಡಿಟ್ಟುಕೊಂಡಿದ್ದ.

ಈಗ ಹಾಯಿಯ ವಿಷಯ. ಮಿಲೂದನ ಹಾಯಿ ತಾರಸಿಯಲ್ಲಿಯೇ ಇತ್ತು. ಒಗೆಯುವ ಕಲ್ಲಿನ ಮೇಲೆ ನೆರಳಿಗೆಂದು ರಕಿಯಾ ಅದನ್ನು ಚಪ್ಪರವಾಗಿ ಕಟ್ಟಿದ್ದಳು. ಹಾಯಿಯ ಕಂಬ ಬಟ್ಟೆ ತಂತಿಗೆ ಆಸರೆಯಾಗಿ ನಿಂತಿತ್ತು. ಮಿಲೂದ್ ಏಣಿ ಹತ್ತಿ ಎರಡನ್ನೂ ಬಿಚ್ಚತೊಡಗಿದ.

"ಮಿಲೂದ್, ಅದು ಬಿಸಿಲಿಗೆ ಬೆಂದು ಹಪ್ಪಳ ಆಗಿದೆ. ಮುಟ್ಟಬೇಡ."

"ಹಪ್ಪಳ? ಹೊಚ್ಚ ಹೊಸ ಹಾಯಿ ಕಣೇ ಇದು! ಒಂದೇ ಒಂದು ಸಲ ನೀರಿಗಿಳಿದಿದೆ!"

ಬಾಯಿಂದ ಮಾತು ಜಾರಿದ ಮೇಲೆ ಏಣಿಯ ಮೇಲೆಯೇ ಅವನು ಒಂದು ಕ್ಷಣ ನಿಂತ. ರಕಿಯಾ ತಲೆಯೆತ್ತಿ ಅವನನ್ನು ನೋಡಿದಳು. ಮತ್ತೆ ಪುದೀನಾ ಬಿಡಿಸಿದಳು.

ಮಂಗಳವಾರ ಬೆಳಿಗ್ಗೆ ವ್ಯಾನ್ ಹೊರಟಿತು. ಮಿಲೂದ್ ಹಟ ಹಿಡಿದು, ಮಾಂಸ ತರಕಾರಿ ಸೇರಿಸಿ ತಜೀನ್ ಬೇಯಿಸುವ ಮಣ್ಣಿನ ಪಾತ್ರೆಯನ್ನೂ ಗ್ಯಾಸ್ ಒಲೆಯನ್ನೂ ಮನೆಯಲ್ಲೇ ಬಿಟ್ಟಿದ್ದ. ಪಕ್ಕದಲ್ಲಿ ಹಲ್ಲಿನ ಡಾಕ್ಟರ್ ಥಾಮಿ. ಹಿಂದೆ ಲಾರ್ಬಿ, ಊರಿಗೆಲ್ಲ ಡ್ರೈವಿಂಗ್ ಕಲಿಸುವ ಈ ಪುಣ್ಯಾತ್ಮ ರಜೆ ಬಂದರೆ ಸ್ಟೀರಿಂಗ್ ಮುಟ್ಟುವುದಿಲ್ಲ, ಮುಟ್ಟಿದರೆ ಕೆಲಸದ ನೆನಪಾಗುತ್ತದಂತೆ.

ಸಾಫಿ ಊರಿನ ಹತ್ತಿರ ಬೂತಾಯಿ ಮೀನು ಸುಡುವ ಅಂಗಡಿಯ ಮುಂದೆ ನಿಲ್ಲಿಸಿದರು. ಲಾರ್ಬಿ ಕಾಲು ಚಾಚಿದ.

"ಮಾಲೆಮ್, ಒಂದು ಟೀ ಆಗ್ಲಿ ನಿಮ್ಮ ಕೈಯಿಂದ."

"ನನಗೆ ಕೈಯಿಲ್ಲ."

"ಅಂದ್ರೆ?"

"ಇಪ್ಪತ್ತೆರಡು ವರ್ಷ ನಿಮ್ಮ ಸೇವೆಗೆ ಸವೆದು ಹೋಯ್ತು! ಇನ್ಮೇಲೆ ನೀವು ಮಾಡಿ, ನಾನು ಕುಡೀತೀನಿ. ನೀವು ದಡದಲ್ಲಿರಿ, ನಾನು ನೀರಲ್ಲಿರ್ತೀನಿ. ನಿಮ್ಮಿಂದಾಗಿ ನನ್ನ ಮಗಳ ಬೀಗರ ಮುಂದೆ ತೋರ್ಸೋಕೆ ನನ್ನದೊಂದು ಫೋಟೋ ಇಲ್ಲ. ಒಂದೇ ಒಂದು! ಯಾಕಿಲ್ಲ? ನನ್ನನ್ನ ನೀವು ನೀರಿಗಿಳಿಯೋಕೇ ಬಿಟ್ಟಿಲ್ಲ!"

ಥಾಮಿ ಲಾರ್ಬಿಯ ಮುಖ ನೋಡಿದ. ಲಾರ್ಬಿ ಮೀನಿನ ಮುಳ್ಳು ನೋಡಿದ. ಅಪರಾಧಿಗಳು ತಪ್ಪೊಪ್ಪಿಕೊಂಡರೆಂದು ಮಿಲೂದ್‌ಗೆ ಒಳಗೊಳಗೇ ಸಮಾಧಾನವಾಯಿತು. ಆಮೇಲೆ ಲಾರ್ಬಿ ಅಂಗಡಿಯವನ ಒಲೆಯಲ್ಲಿ ಟೀ ಮಾಡಿದ. ಅದನ್ನು ಕುಡಿಯಲಾಗದೆ ಮೂವರೂ ರಸ್ತೆ ಬದಿಗೆ ಚೆಲ್ಲಿದರು.

ಎಸ್ಸಾವಿರಾ ತಲುಪಿದಾಗ ತರೂಸ್ ಅನ್ನುವ ಅಲ್ಲಿನ ಕಡಲಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಕಡಲು ಕಣ್ಣಳತೆಯವರೆಗೂ ಬೆಳ್ಳನೆ ನೊರೆಗಟ್ಟಿತ್ತು. ದಡದ ಮರಳು ಹಾರಿ ಬಂದು ಕೆನ್ನೆಗೆ ಚುಚ್ಚುತ್ತಿತ್ತು. ಬುಧವಾರ ಮುಂಜಾನೆ ಮಿಲೂದ್ ಎಲ್ಲರಿಗಿಂತ ಮೊದಲೆದ್ದು ತನ್ನ ಹಾಯಿಯನ್ನು ಬಿಡಿಸಿದ. ಒಂದು ಮೂಲೆಯಲ್ಲಿ ರಕಿಯಾಳ ಬಟ್ಟೆ ಕ್ಲಿಪ್ ಇನ್ನೂ ಕಚ್ಚಿಕೊಂಡಿತ್ತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಥಾಮಿ ಕಣ್ಣುಜ್ಜುತ್ತ ಬಂದವನು ಹೌಹಾರಿದ. "ಈ ಗಾಳಿಗೆ ಇಷ್ಟು ದೊಡ್ಡ ಹಾಯಿ ಯಾರು ಕಟ್ತಾರೋ ಮಾರಾಯ? ನನ್ನ ಚಿಕ್ಕದು ತಗೋ."

"ಯಾಕೆ, ಹೊಟ್ಟೆ ಉರೀತಾ?"

"ಹೊಟ್ಟೆ ಉರಿಯಲ್ಲ ಕಣೋ, ಎದೆ ಹೊಡ್ಕೊಳ್ತಿದೆ. ಹೋಗ್ಲಿ, ಒಂದು ಮಾತು ಕೇಳು. ಮೊಣಕಾಲುದ್ದ ನೀರಲ್ಲಿ ಹಲಗೆ ಮೇಲೆ ನಿಂತ್ಕೋ. ನಾನು ಹಿಂದೆ ಬಗ್ಗಿ ಹಲಗೆ ಹಿಡ್ಕೊಂಡಿರ್ತೀನಿ, ಕಾಣ್ಸಲ್ಲ. ಲಾರ್ಬಿ ಒಂದು ಫೋಟೋ ತೆಗೀಲಿ. ಬೀಗರಿಗೆ ಏನು ಗೊತ್ತಾಗತ್ತೆ?"

"ನನಗೆ! ಹಲಗೆ ಹಿಡ್ಕೊಳ್ತೀಯಾ ನನಗೆ!" ಮಿಲೂದನ ಮೂಗು ಕೆಂಪಾಯಿತು. ತನ್ನ ಫೋನನ್ನು ಲಾರ್ಬಿಯ ಕೈಗೆ ತುರುಕಿದ. "ನಾನು ನೀರಿಗೆ ಇಳಿದಾಗಿನಿಂದ ಹೊರಗೆ ಬರೋವರೆಗೆ ನಿನಗೆ ಬೇರೆ ಕೆಲಸವಿಲ್ಲ. ಫೋಟೋ ತೆಗೀತಾ ಇರು. ಇಪ್ಪತ್ತೆರಡು ವರ್ಷ ನಾನು ತೆಗೆದಿಲ್ವಾ?"

ಇಳಿದ. ಮೊದಲ ಸಲ ಹತ್ತಿದಾಗ ಆ ಕಡೆ ಬಿದ್ದ. ಎರಡನೇ ಸಲ ಈ ಕಡೆ ಬಿದ್ದ. ಮೂರನೇ ಸಲ ಅಲ್ಲಾಹುವಿನ ಹೆಸರು ಹೇಳಿ ಹಾಯಿಯನ್ನು ಎಳೆದ ನೋಡಿ, ಗಾಳಿ ತುಂಬಿಕೊಂಡಿತು! ಹಲಗೆ ಬಾಣದ ಹಾಗೆ ಚಿಮ್ಮಿತು! ನಿಂತಿದ್ದಾನೆ, ಮಿಲೂದ್ ನಿಂತಿದ್ದಾನೆ! ಐವತ್ತರ ಹೊಸ್ತಿಲಲ್ಲಿರುವ ಮಿಲೂದ್, ಎರಡೂ ಕಾಲ ಮೇಲೆ, ಕಡಲ ಮೇಲೆ! ಕಿವಿಯಲ್ಲಿ ಗಾಳಿ ಭೋರ್ಗರೆಯಿತು, ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷ ಅವನಿಗೆ ಮಗಳು ಹುಟ್ಟಿದ ದಿನ ಆಗಿತ್ತು, ಮತ್ತೆ ಆಗಿದ್ದು ಈಗಲೇ.

ಪರ್‌ರ್‌ರ್!

ಹಾಯಿ ಮೇಲಿಂದ ಕೆಳಗಿನವರೆಗೆ ಸೀಳಿತು. ಇಪ್ಪತ್ತು ಬೇಸಿಗೆ ಒಗೆಯುವ ಕಲ್ಲಿಗೆ ನೆರಳು ಕೊಟ್ಟ ಹಾಯಿ ಒಂದೇ ಉಸಿರಿಗೆ ಚಿಂದಿಯಾಯಿತು. ಮಿಲೂದ್ ಅಂಗಾತ ನೀರಿಗೆ ಬಿದ್ದ. ಎದ್ದು ಹಲಗೆ ಹಿಡಿದು ನೋಡಿದರೆ ದಡ ದೂರ ಸರಿಯುತ್ತಿತ್ತು. ಗಾಳಿ ಅವನನ್ನು ದಕ್ಷಿಣಕ್ಕೆ ತಳ್ಳಿಕೊಂಡು ಹೋಗುತ್ತಿತ್ತು. ಥಾಮಿ ದಡದುದ್ದಕ್ಕೂ ಓಡುತ್ತಿದ್ದವನು ಹುಣಸೆ ಬೀಜದಷ್ಟು ಚಿಕ್ಕವನಾದ. ಮಿಲೂದ್ ಕೂಗಿದ. ಬಾಯಿ ತುಂಬ ಉಪ್ಪುನೀರು ಬಂತು. ಆಮೇಲೆ ಹಲಗೆಯ ಮೇಲೆ ಬೋರಲು ಮಲಗಿ, ನಿಸ್ರೀನಳ ಮದುವೆಗೆ ನಾನಿರುತ್ತೇನೋ ಇಲ್ಲವೋ ಎಂದು ಅತ್ತ.

ಅರ್ಧ ಗಂಟೆಯ ಮೇಲೆ ನೀಲಿ ಬಣ್ಣದ ಮೀನು ದೋಣಿಯೊಂದು ಹತ್ತಿರ ಬಂತು. ಬಿಳಿ ಗಡ್ಡದ ಮುದುಕ ಕೈಕೊಟ್ಟು ಎಳೆದ. ಮಿಲೂದ್ ಬಲೆಯ ರಾಶಿಯ ಮೇಲೆ ಬಿದ್ದು ಗಡಗಡ ನಡುಗಿದ. ಮುದುಕ ಅವನ ಗಲ್ಲ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದ.

"ಅರೇ! ನೀನು ಅವನಲ್ವೇನಪ್ಪಾ? ಕಾಸಾಬ್ಲಾಂಕಾದವನು! ನಿಸ್ರೀನ್ ಅಂತ ಕೂಸು, ಹೊಸದಾಗಿ ಹುಟ್ಟಿದೆ, ನನ್ನ ಬಿಡಬೇಡಿ ಅಂತ ನನ್ನ ಕಾಲು ಹಿಡ್ಕೊಂಡು ಅತ್ತಿದ್ದೆ!"

"ಅದು... ಯಾರೋ ಬೇರೆಯವರಿರ್ಬೇಕು ಚಿಕ್ಕಪ್ಪಾ."

"ಅದೇ ಹಾಯಿ ಕಣಪ್ಪ! ಕೆಂಪು ಪಟ್ಟೆ. ಆಗ ಹೊಸದಿತ್ತು. ಕೂಸು ಹೇಗಿದೆ?"

"ಮದುವೆ ಗೊತ್ತಾಗಿದೆ" ಎಂದ ಮಿಲೂದ್, ತಲೆ ಎತ್ತದೆ.

"ಶುಭವಾಗ್ಲಿ! ತಗೋ, ಟೀ ಕುಡಿ."

ಮುದುಕ ದೋಣಿಯೊಳಗಿನ ಪುಟ್ಟ ಒಲೆಯಿಂದ ಕೆಟಲ್ ಎತ್ತಿ ಲೋಟಕ್ಕೆ ಅರ್ಧ, ಬಲೆಗೆ ಅರ್ಧ ಸುರಿದ. ಒಂದು ಚೂರು ನೊರೆಯಿಲ್ಲ. ಮಿಲೂದ್‌ಗೆ ಅದನ್ನು ನೋಡುತ್ತ ಕೂರಲು ಆಗಲಿಲ್ಲ. ಪ್ರಾಣ ಹೋಗುತ್ತಿದ್ದರೂ ಕೆಲವು ಚಟ ಹೋಗುವುದಿಲ್ಲ. "ಕೊಡಿ ಇಲ್ಲಿ" ಎಂದು ಕೆಟಲ್ ಕಿತ್ತುಕೊಂಡ. ಪುದೀನಾ ಹಾಕಿ ಕುದಿಸಿ, ಕೈಯನ್ನು ತಲೆಯ ಮೇಲೆತ್ತಿ ನೊರೆ ಬರುವಂತೆ ದೋಣಿಯಲ್ಲಿದ್ದವರಿಗೆಲ್ಲ ಸುರಿದ. ದೋಣಿ ಬಂದರಿಗೆ ಬರುವಷ್ಟರಲ್ಲಿ ಎರಡನೇ ಸುತ್ತು ನಡೆಯುತ್ತಿತ್ತು.

ಬಂದರಿನ ಕಟ್ಟೆಯ ಮೇಲೆ ಥಾಮಿ, ಲಾರ್ಬಿ ನಿಂತಿದ್ದರು. ಥಾಮಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಮಿಲೂದ್ ಇಳಿದವನೇ ಕೇಳಿದ್ದು ಒಂದೇ. "ಫೋಟೋ?"

ಲಾರ್ಬಿ ತಲೆ ಕೆರೆದುಕೊಂಡ. "ನೀನು ನಿಂತಿದ್ದು ಎಷ್ಟೊತ್ತು ಮಿಲೂದ್? ಮೂಗಿಗೆ ಮರಳು ಹೋಯ್ತು, ನಾನು ಒಂದು ಸಲ ಸೀನಿದೆ. ಕಣ್ಣು ಬಿಡೋಷ್ಟರಲ್ಲಿ ಎಲ್ಲ ಮುಗಿದಿತ್ತು."

"ಸೀನಿದೆ! ಇಪ್ಪತ್ತೆರಡು ವರ್ಷ ಅನ್ನ ಹಾಕಿದ್ದಕ್ಕೆ ನೀನು ಸೀನಿದೆ!" ಮಿಲೂದ್ ಅಲ್ಲೇ, ಮೀನು ಹರಾಜಿನ ಜನರೆಲ್ಲ ನೋಡುತ್ತಿರುವಂತೆಯೇ ಕೂಗಾಡಿದ. "ನನ್ನನ್ನ ಅಡುಗೆ ಆಳು ಮಾಡ್ಕೊಂಡ್ರಲ್ಲೋ! ನನ್ನ ವಯಸ್ಸು ತಿಂದ್ರಲ್ಲೋ!"

ಥಾಮಿಗೆ ಅಲ್ಲಿಯವರೆಗೆ ಕಟ್ಟಿಕೊಂಡಿದ್ದ ತಾಳ್ಮೆ ತಪ್ಪಿತು.

"ಯಾರೋ ಮಾಡ್ಕೊಂಡಿದ್ದು? ಮೊದಲನೇ ವರ್ಷ ಇದೇ ಕಟ್ಟೆ ಮೇಲೆ, ಹೀಗೇ ತೊಯ್ದು ತೊಪ್ಪೆಯಾಗಿ ನಿಂತ್ಕೊಂಡು ನೀನೇ ಬೇಡ್ಕೊಂಡೆ. 'ಟೀ ನಾನು ಮಾಡ್ತೀನಿ, ತಜೀನ್ ನಾನು ಮಾಡ್ತೀನಿ, ನನ್ನ ನೀರಿಗೆ ಕರೀಬೇಡಿ, ಮನೇಲಿ ಹೇಳಬೇಡಿ' ಅಂತ. ಹೇಳಿದ್ವಾ? ಒಂದು ದಿನ ಬಾಯಿ ಬಿಟ್ವಾ? ನಿನ್ನ ಹೆಂಡತಿ ಮುಂದೆ, ಮಗಳ ಮುಂದೆ ನೀನು ಬುರುಡೆ ಬಿಡೋವಾಗ ಗೋಣು ಆಡಿಸ್ತಾ ಕೂತಿಲ್ವಾ?"

"ಅದೂ ಅಲ್ದೆ," ಲಾರ್ಬಿ ನಿಧಾನವಾಗಿ ಹೇಳಿದ, "ಈ ಗಾಳೀಲಿ ದಡದ ಮೇಲೆ ಬೇಯಿಸಿದ ತಜೀನ್ ಹೇಗಿರತ್ತೆ ಗೊತ್ತಾ? ಅರ್ಧಕ್ಕರ್ಧ ಮರಳು. ಇಪ್ಪತ್ತೆರಡು ವರ್ಷ ಅದನ್ನೂ ಹೊಟ್ಟೆಗೆ ಹಾಕ್ಕೊಂಡ್ವಿ. ನಿನಗೆ ಬೇಜಾರಾಗಬಾರ್ದು ಅಂತ."

ಇದರ ನೆನಪು ಮಿಲೂದನಿಗಿರಲಿಲ್ಲವೆಂದಲ್ಲ. ಇತ್ತು. ವರ್ಷ ವರ್ಷ ಅದರ ಮೇಲೆ ಒಂದೊಂದು ಸುಳ್ಳು ಹೊದಿಸಿ ಮಲಗಿಸಿದ್ದ, ಅಷ್ಟೇ. ಸ್ನೇಹಿತರು ತನ್ನ ಜೀವನ ತಿಂದರೆಂದು ಯಾರ ಮೇಲೆ ಹಲ್ಲು ಕಡಿಯುತ್ತಿದ್ದನೋ, ಅವರು ಅಷ್ಟು ವರ್ಷ ತಿಂದದ್ದು ಮರಳು.

ಮರಳುವ ದಾರಿಯಲ್ಲಿ ಲಾರ್ಬಿ ತಾನಾಗಿಯೇ ಸ್ಟೀರಿಂಗ್ ಹಿಡಿದ, ಅದೇ ಹೆಚ್ಚು ಚುಚ್ಚಿತು. ಮನೆ ಮುಂದೆ ಇಳಿಯುವಾಗ ಮಿಲೂದ್ "ಶುಕ್ರವಾರ ಊಟಕ್ಕೆ ಬನ್ನಿ" ಅಂದ. ಥಾಮಿ "ನೋಡೋಣ" ಅಂದ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ರಕಿಯಾ ತಾರಸಿಯಲ್ಲಿ ನೆತ್ತಿ ಸುಡುವ ಬಿಸಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಿಲೂದ್ ಜೇಬಿನಿಂದ ಕ್ಲಿಪ್ ತೆಗೆದು ಅವಳ ಕೈಗೆ ಕೊಟ್ಟ.

"ಇಷ್ಟೇ ಉಳಿದಿದ್ದಾ?" ಎಂದಳು.

"ರಕಿಯಾ, ನಿನಗೊಂದು ವಿಷಯ ಹೇಳ್ಬೇಕು."

"ಹೇಳ್ಬೇಡ. ಈ ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಬಟ್ಟೇಲಿ ಉಪ್ಪು ಇದ್ದಿದ್ದು ಒಂದೇ ಸಲ. ಮಿಕ್ಕ ವರ್ಷ ಎಲ್ಲ ಬರೀ ಹೊಗೆ ವಾಸನೆ. ಒಗೆಯೋಳು ನಾನಲ್ವಾ?"

ಶುಕ್ರವಾರ ಬೀಗರು ಬಂದರು. ತಾರಸಿಯಲ್ಲಿ ನೆರಳಿಲ್ಲವಾದ್ದರಿಂದ ಎಲ್ಲರೂ ಒಳಗಿನ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಸ್ಕುಸ್ ತಿಂದರು. ಊಟವಾದ ಮೇಲೆ ಹಾಜ್ ಬೂಶಾಯಿಬ್ ಕೈ ಒರೆಸಿಕೊಂಡು, "ಎಲ್ಲಿ, ಆ ಫೋಟೋ?" ಎಂದರು. ನಿಸ್ರೀನ್ ಅಪ್ಪನ ಕಡೆ ಹೆಮ್ಮೆಯಿಂದ ತಿರುಗಿದಳು.

ಫೋನಿನಲ್ಲಿ ಮಿಲೂದ್ ಇದ್ದದ್ದು ಒಂದೇ ಫೋಟೋದಲ್ಲಿ. ಸೀನು ನಿಂತ ಮೇಲೆ, ದೋಣಿ ಬಂದರಿಗೆ ಬರುವಾಗ, ಮಿಲೂದ್ ಹೇಳಿದ ಕೆಲಸ ತಪ್ಪಿಸದೆ ಲಾರ್ಬಿ ತೆಗೆದದ್ದು. ನೀಲಿ ದೋಣಿ, ಬಲೆ, ಚಿಂದಿ ಹಾಯಿ. ನಡುವೆ ಮಿಲೂದ್, ಬಲಗೈ ಆಕಾಶಕ್ಕೆತ್ತಿ ಟೀ ಸುರಿಯುತ್ತಿದ್ದಾನೆ.

ಹಾಜ್ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಅಲೆ ಎಷ್ಟೆತ್ತರ ಇತ್ತು?"

"ಆಳೆತ್ತರ, ಹಾಜ್."

"ದೋಣಿ ಹೀಗೆ ವಾಲಿದೆ. ಒಂದು ಹನಿ ಆಚೆ ಬಿದ್ದಿಲ್ಲ! ಭಲೇ! ಮದುವೆ ದಿನ ನಾನೂರು ಜನಕ್ಕೂ ನಿಮ್ಮ ಕೈಯ ಟೀನೇ ಆಗ್ಬೇಕು."

ಮಿಲೂದ್ ಗಂಟಲು ಸರಿಮಾಡಿಕೊಂಡ. "ಆಗ್ಲಿ. ಆದ್ರೆ ಹಾಜ್, ನಾನು ಹಲಗೆ ಮೇಲೆ ನಿಂತಿದ್ದೆ. ನಿಜವಾಗ್ಲೂ ನಿಂತಿದ್ದೆ. ಆ ಹೊತ್ತಿಗೆ ಲಾರ್ಬಿ ಸೀನಿ..."

ಹಾಜ್ ಅವನ ಮೊಣಕಾಲನ್ನು ಮೆಲ್ಲಗೆ ತಟ್ಟಿದರು. "ಮೂವತ್ತು ವರ್ಷ ಬಂದರಲ್ಲಿದ್ದೆ ತಮ್ಮಾ. ಕಡಲಿಂದ ಎಳೆಸಿಕೊಂಡು ಬಂದವರ ಮುಖ ನನಗೆ ಗೊತ್ತಾಗಲ್ವಾ?"

ನಿಸ್ರೀನ್ ಫೋನನ್ನು ತಿರುಗಿಸಿ ಮತ್ತೊಮ್ಮೆ ನೋಡಿದಳು. ಮೇಜಿನ ಮೇಲೆ ಮಗುಚಿಟ್ಟಳು. ಮಿಲೂದ್ ಜೀವನದಲ್ಲಿ ಮೊದಲ ಬಾರಿಗೆ ನಿಜ ಹೇಳಿದ್ದ, ನಂಬುವವರು ಒಬ್ಬರೂ ಇರಲಿಲ್ಲ. ಕೊನೆಯ ಆಸೆಯಿಂದ ರಕಿಯಾಳ ಕಡೆ ನೋಡಿದ.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಅವನನ್ನು ಹೆಸರು ಬಿಟ್ಟು ಬೇರೆ ಏನೂ ಕರೆದವಳಲ್ಲ. ಟೀ ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದಳು.

"ನೀರು ಕುದೀತಿದೆ, ಮಾಲೆಮ್."