ರೆಗ್ಯುಲರ್ ಜೋಡಿಯ ಮೇಲೆ ನನ್ನ ಗುಮಾನಿ

ನಾನು ಮೀಸಲು ಸೈನಿಕ. ಅಂದರೆ, ವರ್ಷದ ಹೆಚ್ಚು ಕಾಲ ಕಿರಂಗೂರಿನಲ್ಲಿ ಹಸು ತೊಳೆದು ಡೈರಿಗೆ ಹಾಲು ಹಾಕುತ್ತೇನೆ; ಕರೆ ಬಂದಾಗ ಸಮವಸ್ತ್ರ ತೊಟ್ಟು ದೇಶ ಕಾಯುತ್ತೇನೆ. ಎರಡಕ್ಕೂ ಬೆಳಗ್ಗೆ ಬೇಗ ಏಳಬೇಕು. ಹಾಗಾಗಿ ನನಗೆ ಕಷ್ಟವೆನಿಸಿದ್ದಿಲ್ಲ.

ಈ ವರ್ಷದ ಶಿಬಿರಕ್ಕೆ ಹೊಸ ಆಜ್ಞೆ ಬಂತು. ಮೀಸಲಿನವರೂ ರೆಗ್ಯುಲರ್ ಸೈನಿಕರೂ ಇನ್ನು ಮುಂದೆ ಒಂದೇ ತುಕಡಿಯಲ್ಲಿ ಬೆರೆಯತಕ್ಕದ್ದು! ನನಗೆ ಪರಮಾನಂದವಾಯಿತು. ನನ್ನ ಹೆಂಡತಿ ಸವಿತಾಗೆ ಆಗಲಿಲ್ಲ.

"ಅವ್ರು ನಿಮ್ಮುನ್ನ ಬೆರೆಸ್ಕತಾರಾ? ಪಾತ್ರೆ ತೊಳೆಯಕ್ಕೆ ಇಕ್ಕತಾರೆ, ನೋಡ್ತಾ ಇರಿ. ಅವ್ರ ಮೇಲೆ ಒಂದ್ ಕಣ್ಣಿಟ್ಟಿರಿ," ಎಂದಳು.

ನಾನು ಎರಡೂ ಕಣ್ಣಿಟ್ಟೆ.

ಶಿಬಿರ ನಡೆದದ್ದು ನಾಗಮಂಗಲದ ಕಡೆ, ದೇವಲಾಪುರದ ಹತ್ತಿರದ ಬಯಲಿನಲ್ಲಿ. ಹೋದ ದಿನವೇ ಪರಿಸ್ಥಿತಿ ಅರ್ಥವಾಯಿತು. ಚಹಾ ಬಂದಾಗ ರೆಗ್ಯುಲರ್‌ನವರು ಬೇವಿನ ಮರದ ಕೆಳಗೆ, ನಾವು ನೀರಿನ ಟ್ಯಾಂಕರಿನ ಕೆಳಗೆ. ಅವರು ನಮ್ಮ ಹೊಟ್ಟೆ ನೋಡಿ ಪಿಸುಗುಟ್ಟುವುದು, ನಾವು ಅವರು ಪಿಸುಗುಟ್ಟುವುದನ್ನು ನೋಡಿ ಪಿಸುಗುಟ್ಟುವುದು! ನಮ್ಮ ಸುಬೇದಾರರು ಕೆ.ಆರ್. ಪೇಟೆಯವರು. ಅವರು ಒಬ್ಬ ರೆಗ್ಯುಲರಿಗೆ ಒಬ್ಬ ಮೀಸಲಿನವನನ್ನು ಜೋಡಿ ಮಾಡಿದರು. ನನ್ನ ಪಾಲಿಗೆ ಬಂದವನು ನಾಯಕ್ ದರ್ಜೆಯ ಶಿವಣ್ಣ. ದೇವಲಾಪುರದವನೇ. ನನಗಿಂತ ಚಿಕ್ಕವನು, ನನ್ನ ಅರ್ಧದಷ್ಟು ಅಗಲ, "ಅಣ್ಣ, ಅಣ್ಣ" ಎನ್ನುತ್ತಿದ್ದ. ಅಷ್ಟೊಂದು ಮರ್ಯಾದೆ ಯಾಕೆ? ಅಲ್ಲೇ ನನಗೆ ಗುಮಾನಿ ಬಂತು.

ಕೊನೆಯ ದಿನ ಅಣಕು ಕಾಳಗ. ಕೆರೆ ಏರಿಯ ಮೇಲೆ ನಮ್ಮ ಬಾವುಟ. ಎದುರಾಳಿ ತುಕಡಿ ಅದನ್ನು ಕಿತ್ತುಕೊಳ್ಳದಂತೆ ನಾವು ಕಾಯಬೇಕು. ದೊಡ್ಡ ಸಾಹೇಬರೇ ನೋಡಲು ಬರುತ್ತಾರೆ. ಸುಬೇದಾರರು ಬೆಳಗ್ಗೆಯೇ ಎಚ್ಚರಿಸಿದರು: "ಇವತ್ತು ಮಾನ ಕಳುದ್ರೆ ಮೀಸಲ್ನೋರು ವಾಪಸ್ ಉಗ್ರಾಣ ಕಾಯಕ್ಕೇ ಓಗ್ಬೇಕು. ಇನ್ನೊಂದು, ವೈರಿ ವೇಷ ಮರೆಸ್ಕಂಡೂ ಬರ್ಬೋದು. ಉಸಾರು!"

ನಾನು ಹುಷಾರಾಗಿಯೇ ಇದ್ದೆ. ಎಷ್ಟೆಂದರೆ, ಶಿವಣ್ಣ ಡೇರೆಯ ಹಿಂದೆ ಫೋನಿನಲ್ಲಿ ಮಾತಾಡುವಾಗ ಈಚೆ ಬದಿಯಲ್ಲಿ ಕಿವಿ ಹಚ್ಚಿ ನಿಂತಿದ್ದೆ.

"ಕಿರಂಗೂರಿಂದು ಅಂದ್ರೆ ನಂಬಬಾರ್ದಾಗಿತ್ತು ಕಣಪ್ಪ," ಎನ್ನುತ್ತಿದ್ದ. "ನೋಡಕ್ಕೆ ದಪ್ಪಗೈತೆ ಅಷ್ಟೆ. ತಿನ್ನದೊಂದೇ ಕೆಲ್ಸ. ನಾಕ್ ಎಜ್ಜೆ ನಡುದ್ರೆ ಬುಸ್ಗುಟ್ಕಂಡು ಮಲೀಕತದೆ. ಇವತ್ತೇ ಸಾಗಾಕ್ಬುಡು."

ನನ್ನನ್ನೇ! ಅದೂ 'ಐತೆ' ಅಂತ! ರೆಗ್ಯುಲರ್‌ನವರ ಕೊಬ್ಬು ಎಷ್ಟಿರಬೇಡ!

ಮಧ್ಯಾಹ್ನ ಕಾಳಗ ಶುರುವಾಯಿತು. ಏರಿಗೆ ಬರುವ ದಾರಿ ಕಾಯುವುದು ನನ್ನ ಮತ್ತು ಶಿವಣ್ಣನ ಕೆಲಸ. ಉಳಿದವರು ಹಿಂದಿನ ಪೊದೆಗಳಲ್ಲಿ ಅಡಗಿದ್ದರು. ಸ್ವಲ್ಪ ಹೊತ್ತಿಗೆ ಶಿವಣ್ಣ ಕೆರೆಯ ಕಡೆ ಕತ್ತು ಚಾಚಿದ, ಮುಖ ಪೆಚ್ಚಾಯಿತು.

"ಅಣ್ಣ, ನೀನು ಇಲ್ಲೇ ಇರು, ಅಲ್ಲಾಡ್ಬೇಡ. ಈಗ ಬಂದ್ಬುಟ್ಟೆ," ಎಂದು ಬಗ್ಗಿಕೊಂಡು ಹೋದ.

ಅಲ್ಲಾಡಬಾರದಂತೆ! ವೈರಿ ಬಂದು ನನ್ನನ್ನು ಮೂಟೆ ಕಟ್ಟಿಕೊಂಡು ಹೋಗಲಿ ಎಂದೇ? ನಾನು ತೆವಳುತ್ತಾ ಹಿಂಬಾಲಿಸಿದೆ.

ಕೆರೆಯ ಮಗ್ಗುಲಲ್ಲಿ ಒಂದು ಗೂಡ್ಸ್ ಆಟೋ. ತಲೆಗೆ ಟವಲು ಸುತ್ತಿದ ಮುದುಕರೊಬ್ಬರು ಎತ್ತಿಗೆ ನೀರು ಕುಡಿಸುತ್ತಿದ್ದರು. ಶಿವಣ್ಣ ಅವರ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ! ಟವಲು, ಎತ್ತು, ಆಟೋ... ಎಂಥ ಪರಿಪೂರ್ಣ ವೇಷ! ಸುಬೇದಾರರ ಮಾತು ನೆನಪಾಯಿತು. ಭಾರತಮಾತೆಗೆ ಜಯಕಾರ ಹಾಕಿ ಹಾರಿದೆ.

ಮುದುಕರು ಕೆಳಗೆ, ನಾನು ಮೇಲೆ.

"ಯಾವನ್ಲಾ ಅವ್ನು! ಬುಡ್ಲಾ ನನ್ ಕತ್ತ!"

"ಗುಪ್ತ ಸಂಕೇತ ಹೇಳು!" ಎಂದು ಗರ್ಜಿಸಿದೆ.

"ಅಣ್ಣಾ, ಬುಡಣ್ಣ! ನಮ್ಮಪ್ಪ ಕಣಣ್ಣ!" ಶಿವಣ್ಣ ನನ್ನ ಬೆಲ್ಟು ಹಿಡಿದು ಜಗ್ಗಿದ.

"ನಿಮ್ಮಪ್ಪ ವೈರಿ ಕಡೆ ಯಾವಾಗ ಸೇರ್ಕಂಡ್ರು?" ಎಂದು ಕೇಳಿದೆ.

"ಯಾವ ಕಡೇನೂ ಇಲ್ಲ! ಈ ಎತ್ತ ಮಾರಕ್ಕೆ ಸಂತೆಗೆ ಒಂಟವ್ರೆ. ಕಿರಂಗೂರಿಂದ ತಂದಿದ್ದು, ಕೆಲ್ಸಕ್ಕೆ ಬರ್ನಿಲ್ಲ. ಕಾಳಗದ ಜಾಗಕ್ಕೆ ಬಂದ್ಬುಟ್ಟವ್ರೆ, ಆಚೆ ಕಳ್ಸಣ ಅಂತ ಬಂದೆ!"

ನಾನು ಮುದುಕರ ಮೇಲಿಂದ ನಿಧಾನವಾಗಿ ಇಳಿದೆ. ಆ ಹೊತ್ತಿಗೆ ಎತ್ತಿನ ಹಗ್ಗ ಅವರ ಕೈಬಿಟ್ಟಿತ್ತು. ನಾಲ್ಕು ಹೆಜ್ಜೆ ನಡೆಯಲಾರದ ಎತ್ತು ಓಡಿದ್ದನ್ನು ನೀವು ನೋಡಬೇಕಿತ್ತು! ನನ್ನ ಜಯಕಾರಕ್ಕೆ ಬೆದರಿ, ಬಾಲ ಎತ್ತಿಕೊಂಡು ನೇರ ನಮ್ಮವರು ಅಡಗಿದ್ದ ಪೊದೆಗಳಿಗೇ ನುಗ್ಗಿತು. ಪೊದೆಗಳಿಂದ ಒಬ್ಬೊಬ್ಬರಾಗಿ ಚಿಮ್ಮಿದರು. ಬಂದೂಕು ಒಂದು ಕಡೆ, ಟೋಪಿ ಒಂದು ಕಡೆ. ಮೀಸಲು, ರೆಗ್ಯುಲರ್ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಹುಣಸೆಮರ ಹತ್ತಿದರು. ಮೇಲಿನವರು ಕೈಕೊಟ್ಟು ಕೆಳಗಿನವರನ್ನು ಎಳೆದುಕೊಂಡರು. ಅಷ್ಟು ಸಹಕಾರವನ್ನು ಶಿಬಿರದಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

ಖಾಲಿ ಬಿದ್ದಿದ್ದ ದಾರಿಯಲ್ಲಿ ಎದುರಾಳಿ ತುಕಡಿ ಮಾತಾಡಿಕೊಂಡು ನಡೆದು ಬಂತು. ಬಾವುಟ ಕಿತ್ತುಕೊಂಡಿತು. ಹೋಗುವಾಗ ಎತ್ತನ್ನೂ ಹಿಡಿದುಕೊಟ್ಟಿತು.

ಶಿವಣ್ಣನ ತಂದೆಯ ಕಾಲಿಗೆ ಬಿದ್ದೆ. "ಬುಡಪ್ಪ, ನಿಮ್ಮೂರಿಂದೆಲ್ಲ ಒಂದೇ ತರ ಅಂತ ಗೊತ್ತಾಯ್ತು," ಎಂದು ಅವರು ಬೆನ್ನು ನೀವಿಕೊಂಡರು. ಊರು ಎಂದರೆ ಕಿರಂಗೂರು, ಶಿವಣ್ಣ ಮೊದಲೇ ಹೇಳಿದ್ದನಂತೆ. ಹೋಲಿಕೆ ಯಾರ ಜೊತೆ ಎಂದು ನಾನು ಕೇಳಲಿಲ್ಲ.

ಸಂಜೆ ಚಹಾ ಬಂತು. ಎಲ್ಲರೂ ಬೇವಿನ ಮರದ ಕೆಳಗೇ ಕೂತಿದ್ದರು, ತೊಡೆಗೆ ತೊಡೆ ತಾಗಿಸಿಕೊಂಡು. ಒಬ್ಬ ಮೀಸಲಿನವನು ಮುದುಕರ ಪಾತ್ರ ಹಾಕಿ ಮಲಗಿದ್ದ, ಒಬ್ಬ ರೆಗ್ಯುಲರ್ ನಾನಾಗಿ ಅವನ ಮೇಲೆ ಹಾರುತ್ತಿದ್ದ. ನಾನು ಟ್ಯಾಂಕರಿನ ಕೆಳಗೆ ಒಬ್ಬನೇ. ಶಿವಣ್ಣ ಲೋಟ ಹಿಡಿದು ಬಂದ. "ಬಾ ಅಣ್ಣ, ನೀನಿಲ್ದೆ ಆಟ ಸರಿಯಾಗಿ ಬತ್ತಾ ಇಲ್ಲ," ಎಂದ. ಆ ಲೋಟದಲ್ಲಿ ಏನು ಬೆರೆಸಿದ್ದಾನೋ ಎಂದು ಒಂದು ಕ್ಷಣ ನೋಡಿ, ಕುಡಿದೆ.

ಅಷ್ಟರಲ್ಲಿ, ಕಾಳಗ ನೋಡಲು ಬರಬೇಕಿದ್ದ ದೊಡ್ಡ ಸಾಹೇಬರು ತಡವಾಗಿ ಬಂದರು. ಎಲ್ಲರೂ ಒಟ್ಟಿಗೆ ನಗುವುದನ್ನು ನೋಡಿ ಬೆರಗಾದರು. "ಬೇರೆ ಶಿಬಿರದಲ್ಲಿ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಇಲ್ಲಿ ಇಷ್ಟು ಚೆನ್ನಾಗಿ ಬೆರೆತಿದ್ದಾರೆ! ಯಾರು ಮಾಡಿದ್ದು?" ಎಂದರು.

ಎಲ್ಲರ ಬೆರಳೂ ನನ್ನ ಕಡೆ ತಿರುಗಿತು. ಎದೆಯುಬ್ಬಿಸಿ ಸಲ್ಯೂಟ್ ಹೊಡೆದೆ.

ಸುಬೇದಾರರು ಬಾಯಿ ಹಾಕಿದರು: "ಅಂಗಾರೆ ಇವ್ನುನ್ನ ಆ ಶಿಬಿರಕ್ಕೂ ಕಳುಸ್ಬುಡಣ ಸಾರ್. ನಮ್ಗೆ ಇವ್ನ ಕೆಲ್ಸ ಮುಗೀತು."

ಮನೆಯಲ್ಲಿ ಇದನ್ನು ಬಡ್ತಿ ಎಂದು ಹೇಳಿದ್ದೇನೆ. ಸವಿತಾ ನಂಬಿಲ್ಲ.